ನಾಲ್ಕನೆಯ ದಿನದ ನೀರು

ಕಳೆದ ತಿಂಗಳು ನನ್ನ ಮೊಮ್ಮಗಳು ಪಲ್ಲವಿ ಬಂದು ಎದುರಿಗೆ ಕೂತಳು. ಇಂಟರ್, ಅಂದರೆ ಪಿಯುಸಿ, ಮುಗಿಸಿದ್ದಾಳೆ. ಮುಂದೆ ಡಿಗ್ರಿಗೆ ಸೇರುವುದೋ, ಯಾವುದಾದರೂ ಸಣ್ಣ ಕೋರ್ಸು ಮಾಡಿ ಕೆಲಸ ಹಿಡಿಯುವುದೋ ಎಂದು ಅವರ ಮನೆಯಲ್ಲಿ ದಿನವೂ ಚರ್ಚೆ ನಡೆದಿದೆಯಂತೆ. “ಅಜ್ಜಿ, ನೀ ಹೇಳು. ಡಿಗ್ರಿ ಮಾಡಿದ್ರ ಅದಕ್ಕ ಹಾಕಿದ್ದು ವಾಪಸ್ ಬರ್ತದೇನು?” ಎಂದು ಕೇಳಿದಳು. ನಾನು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೇಳಿದ ಪ್ರಶ್ನೆಗೆ ಕೇಳಿದಷ್ಟೇ ಉತ್ತರ ಕೊಟ್ಟು ಮುಂದಿನ ಕೆಲಸಕ್ಕೆ ಹೋಗುವುದು ನನ್ನ ಅಭ್ಯಾಸ. ಅಂದು ಮಾತ್ರ “ಊಟಕ್ಕೆ ಏಳು, ಹೊತ್ತಾಯಿತು” ಎಂದೆ. ನನ್ನ ಡಿಗ್ರಿಗೆ ಏನು ಹಾಕಿದ್ದೆವು ಎಂಬುದನ್ನು ಹೇಳಬೇಕಾದರೆ ನಮ್ಮ ಹಳೆಯ ಮನೆಯ ಅಡಿಗೆಮನೆಯಿಂದ ಶುರುಮಾಡಬೇಕು.

ಆಂಧ್ರದ ಆದೋನಿಯಲ್ಲಿ ಕೋಟೆ ಬೆಟ್ಟದ ಕೆಳಗಿನ ಓಣಿಯೊಂದರಲ್ಲಿ ಆ ಮನೆ ಇತ್ತು. ಅಗಲ ಕಡಿಮೆ, ಉದ್ದ ಹೆಚ್ಚು. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಬಲಕ್ಕೆ ದೇವರಮನೆ, ಕೊನೆಗೆ ಅಡಿಗೆಮನೆ. ಅಡಿಗೆಮನೆಯ ಬಾಗಿಲು ದಾಟಿದರೆ ಹಿತ್ತಲು, ಬಾವಿ. ಹಿತ್ತಲಿನ ಆ ತುದಿಯಲ್ಲಿ ಗೋಡೆಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ, ಅದರ ಪಕ್ಕದಲ್ಲೇ ಹಿಂದಿನ ಓಣಿಗೆ ತೆರೆಯುವ ಬಾಗಿಲು. ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಕರಿಬಂಡೆ ಹಾಸಿದ ನೆಲ. ಬೇಸಿಗೆಯಲ್ಲಿ ಬರಿಗಾಲು ಸುಡದ ಜಾಗವೆಂದರೆ ಅಡಿಗೆಮನೆ ಒಂದೇ. ಊರಿನ ಜಿನ್ನಿಂಗ್ ಮಿಲ್ಲುಗಳ ಕೂಗಿಗೆ ನಮ್ಮ ಮನೆ ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಹತ್ತಿಯ ಕಾಲದಲ್ಲಿ ಮಿಲ್ಲುಗಳಿಂದ ಅರಳೆಯ ಎಳೆಗಳು ಹಾರಿಬಂದು ಗಳುವಿನ ಮೇಲೆ ಒಣಗುತ್ತಿದ್ದ ಮಡಿ ಸೀರೆಗೆ ಹತ್ತುತ್ತಿದ್ದವು. ಅದರಿಂದ ಮಡಿ ಕೆಡುತ್ತದೋ ಇಲ್ಲವೋ ಎಂದು ನನ್ನ ಅಜ್ಜಿ ಮಠದ ಆಚಾರ್ಯರಲ್ಲಿ ಕೇಳಿಸಿದ್ದಳು. ನೂಲಾಗದ ಹತ್ತಿಗೆ ಮೈಲಿಗೆ ಇಲ್ಲವೆಂದು ಅವರು ಹೇಳಿಕಳಿಸಿದ ಮೇಲೆಯೇ ಅವಳಿಗೆ ಸಮಾಧಾನ.

ಅಜ್ಜಿ ಎಂದರೆ ಅಪ್ಪನ ತಾಯಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಕೆಂಪು ಸೀರೆ ಉಟ್ಟು ಮಡಿಯಲ್ಲಿ ಕೂತವಳು. ದಿನಕ್ಕೆ ಒಂದೇ ಊಟ. ಅದೂ ಅವಳ ಜಪ ಮುಗಿದು, ಮಧ್ಯಾಹ್ನದ ಮಿಲ್ಲು ಕೂಗಿದ ಮೇಲೆ, ಮಡಿಯಲ್ಲಿದ್ದವರು ಆಗಷ್ಟೇ ಒಲೆಯಿಂದ ಇಳಿಸಿದ ಅನ್ನವೇ ಆಗಬೇಕು. ಬೆಳಿಗ್ಗೆ ಮಾಡಿಟ್ಟದ್ದು ಅವಳ ಲೆಕ್ಕದಲ್ಲಿ ತಂಗಳು. ಅಪ್ಪನಿಗೂ ನಮಗೂ ಅಮ್ಮ ಬೆಳಿಗ್ಗೆ ಅಡಿಗೆ ಮಾಡುತ್ತಿದ್ದಳು. ಅಜ್ಜಿಯ ಒಲೆ ಬೇರೆ, ಅದರ ಮುಂದೆ ಕೂಡುವವಳು ನಾನು, ಅವಳ ಬಾಯಲ್ಲಿ ಪದ್ದಿ. ಹದಿಮೂರು ತುಂಬುವ ಮೊದಲೇ ಆ ಕೆಲಸ ನನಗೆ ಬಂದಿತ್ತು. ಬರಲು ಕಾರಣ ಅಮ್ಮನ ಒಂದು ತಪ್ಪು.

ಆ ವರ್ಷ ಅಜ್ಜಿಗೆ ಜ್ವರ ಬಂದು ಮಲಗಿದ್ದಳು. ತಿಥಿ ನೋಡಿಕೊಳ್ಳುವ ಕೆಲಸ ಅಮ್ಮನ ಪಾಲಿಗೆ ಬಿತ್ತು. ನಮ್ಮ ಮನೆಯಲ್ಲಿ ನಡೆಯುವುದು ಮಠದ ಪಂಚಾಂಗ. ಅದು ದೇವರಮನೆಯ ಗೂಡಿನಲ್ಲಿ ಇರುತ್ತಿತ್ತು. ಅಮ್ಮ ಹಾಲಹರವಿ ಎಂಬ ಹಳ್ಳಿಯ ಹೆಣ್ಣುಮಗಳು, ಪಂಚಾಂಗ ನೋಡಿ ರೂಢಿಯಿಲ್ಲದವಳು, ಕೆಲಸದ ಗಡಿಬಿಡಿಯಲ್ಲಿ ಪಡಸಾಲೆಯ ಗೋಡೆಗೆ ನೇತುಹಾಕಿದ್ದ ಕಿರಾಣಿ ಅಂಗಡಿಯ ತೆಲುಗು ಕ್ಯಾಲೆಂಡರ್ ನೋಡಿದಳು. ಆ ತಿಂಗಳು ಎರಡರ ಏಕಾದಶಿಗೂ ಒಂದು ದಿನದ ವ್ಯತ್ಯಾಸವಿತ್ತು. ಕ್ಯಾಲೆಂಡರಿನಂತೆ ಉಪವಾಸ ಮಾಡಿಸಿ, ಮರುದಿನ ಬೆಳಿಗ್ಗೆ ಪಾರಣೆಯೆಂದು ಅಜ್ಜಿಗೆ ಅನ್ನ ಬಡಿಸಿದಳು. ಅಜ್ಜಿ ಉಂಡಳು. ಸಂಜೆ ಅಪ್ಪ ಪಂಚಾಂಗ ತೆರೆದಾಗ, ನಮ್ಮವರ ಏಕಾದಶಿ ಅಂದೇ ಎಂದು ತಿಳಿಯಿತು. ವಿಧವೆಯಾದಾಗಿನಿಂದ ಒಂದೂ ತಪ್ಪಿಸದ ವ್ರತ, ಹಾಸಿಗೆಯಲ್ಲಿ ಮುರಿದಿತ್ತು. ಅಜ್ಜಿ ಅಳಲಿಲ್ಲ, ಬೈಯಲಿಲ್ಲ. ಜ್ವರ ಇಳಿದ ಮೇಲೆ ದೇವರ ಮುಂದೆ ನಿಂತು, ಎಲ್ಲರೂ ಕೇಳುವಂತೆ ಒಂದೇ ಮಾತು ಹೇಳಿದಳು:

“ಇನ್ನ ಇಕಿ ಕೈಯಿಂದ ನಾ ಉಣ್ಣಲ್ಲ.”

ಅಂದಿನಿಂದ ನಾನು. ಶಾಲೆಯೂ ಆಮೇಲೆ ಇಂಟರ್ ಕಾಲೇಜೂ ಬೆಳಗಿನ ಪಾಳಿಯಲ್ಲಿದ್ದುದರಿಂದ ನಡೆಯಿತು. ಮನೆಗೆ ಬಂದ ಕೂಡಲೇ ಪುಸ್ತಕ ಪಡಸಾಲೆಯಲ್ಲಿಟ್ಟು, ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಕೋಲಿನಿಂದ ಗಳುವಿನ ಮೇಲಿನ ಮಡಿ ಸೀರೆ ಇಳಿಸಿ ಉಟ್ಟು, ಒಲೆ ಹಚ್ಚುತ್ತಿದ್ದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕೈಗೇ ಗೊತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆ ಒಲೆಯ ಮುಂದೆ ಒಂದು ಅಧಿಕಾರವಿತ್ತು. ಅಪ್ಪನೂ ಹೊಸ್ತಿಲಾಚೆ ನಿಂತೇ “ಒಳಗ ಬರಬಹುದೇನವ್ವಾ?” ಎಂದು ಕೇಳುತ್ತಿದ್ದ. ತಿಂಗಳಿಗೆ ಮೂರು ದಿನ ನಾನು ಹಿತ್ತಲ ಕೋಣೆಯಲ್ಲಿ ಹೊರಗೆ ಕೂತಾಗ ಅಜ್ಜಿ ಹಾಲು ಅವಲಕ್ಕಿ ತಿಂದು ಇರುತ್ತಾಳೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಮೂರು ದಿನ ನನಗೆ ಅನ್ನ ಇಳಿಯುತ್ತಿರಲಿಲ್ಲ. ನಾಲ್ಕನೆಯ ದಿನ ಬೆಳಗಾಗುವ ಮೊದಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಓಡುತ್ತಿದ್ದೆ.

ಇಂಟರ್ ಫಲಿತಾಂಶ ಬಂದು ನಾನು ಪಾಸಾದೆ. ಡಿಗ್ರಿ ಕಾಲೇಜು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಯಾವ ವಿಷಯವನ್ನೂ ಎರಡೂ ಕಡೆ ನೋಡದೆ ತೀರ್ಮಾನಿಸುವವನಲ್ಲ. ಊಟವಾದ ಮೇಲೆ ನಡುಮನೆಯ ಕಂಬಕ್ಕೆ ಒರಗಿ, ಅಡಿಕೆ ಕತ್ತರಿಸುತ್ತ, ಒಂದೊಂದೇ ಎತ್ತಿ ಇಟ್ಟ.

“ಚದುವು, ಓದು ಬ್ಯಾಡ ಅನ್ನೋನಲ್ಲ ನಾ. ಆದ್ರ ನೋಡು, ಮೂರು ವರ್ಷ. ಡಿಗ್ರಿ ಆದಾಕಿಗೆ ಅದಕ್ಕಿಂತ ಹೆಚ್ಚು ಓದಿದ ವರ ಹುಡುಕಬೇಕು. ನೌಕರಿ ಸಿಗ್ತದೋ ಇಲ್ಲೋ ದೇವರಿಗೇ ಗೊತ್ತು. ಅದೆಲ್ಲ ಇರಲಿ. ಮಧ್ಯಾಹ್ನ ನಿಮ್ಮಜ್ಜಿಗೆ ಯಾರು ಬೇಯಿಸಿ ಹಾಕ್ತಾರ?”

ಅಮ್ಮ ಬಾಗಿಲ ಹಿಂದಿನಿಂದಲೇ ಹೇಳಿದಳು:

“ನಾನಂತೂ ಸಿದ್ಧ ಇದ್ದೀನಿ. ಅವ್ರು ಉಣಬೇಕಲ್ಲ?”

ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ದೇವರಮನೆಯ ಹೊಸ್ತಿಲ ಬಳಿ ಕೂತು ಹೂಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಹೋಗ್ಲಿ ಬಿಡೋ. ಹುಡುಗಿ ಓದ್ಲಿ. ನನಗೇನು, ಅವಲಕ್ಕಿ ನೆನೆಸಿಕೊಂಡು ತಿಂತೀನಿ. ಎಷ್ಟು ದಿನ ಇರಾಕಿ ನಾನು?”

ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಹೋಗು ಎಂದವಳ ಜೊತೆ ಏನು ಮಾಡುವುದು? ಅಪ್ಪ ಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲೇ ಬಿಟ್ಟು ಎದ್ದುಹೋದ. ಅವನ ತಕ್ಕಡಿ ಯಾವ ಕಡೆ ಬಾಗಿತೆಂದು ನನಗೆ ತಿಳಿಯಿತು. ಆ ವಾರವೆಲ್ಲ ಅಜ್ಜಿ ಎಂದಿಗಿಂತ ಪ್ರೀತಿಯಿಂದ ಮಾತಾಡಿದಳು. ನಾನು ಬಡಿಸುವಾಗ “ಉಂಡುಬಿಡ್ತೀನಿ ತಾಯಿ, ಇನ್ನೆಷ್ಟು ದಿನ ಈ ಬಿಸಿ ಅನ್ನ” ಎನ್ನುತ್ತಿದ್ದಳು. ಪ್ರತಿ ತುತ್ತೂ ನನ್ನ ಕಾಲಿಗೆ ಕಟ್ಟಿದ ಹಗ್ಗದ ಇನ್ನೊಂದು ಸುತ್ತಾಗುತ್ತಿತ್ತು. ಅಪ್ಪ ಮುಖ ಕೊಟ್ಟು ಮಾತಾಡಲಿಲ್ಲ, ಅಮ್ಮ ಕಣ್ಣು ತಪ್ಪಿಸಿದಳು. ಡಿಗ್ರಿ ಕಾಲೇಜಿನ ಅರ್ಜಿ ಕಪಾಟಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು.

ಆ ಹೊತ್ತಿಗೆ ನಾನು ಹೊರಗೆ ಕೂತೆ. ಎರಡನೆಯ ದಿನ ಮಧ್ಯಾಹ್ನ ನನ್ನ ತಟ್ಟೆ ತೊಳೆದುಕೊಳ್ಳಲು ಹಿತ್ತಲಿಗೆ ಬಂದೆ. ಉಂಡ ಎಲೆ ಹಾಕುವ ಗುಂಡಿ ಅಲ್ಲೇ ಪಕ್ಕದಲ್ಲಿತ್ತು. ದಿನವೂ ಬಂದು ಎಲೆ ತಿಂದುಹೋಗುತ್ತಿದ್ದ ಓಣಿಯ ಹಸು ಅಂದು ಬಂದಿರಲಿಲ್ಲ. ಗುಂಡಿಯಲ್ಲಿ ಒಂದು ಮುತ್ತುಗದ ಎಲೆ ಬಿದ್ದಿತ್ತು, ಅದರ ಮೇಲೆ ಹುಳಿಯ ಕಲೆ, ನಾಲ್ಕು ಅನ್ನದ ಅಗುಳು. ಎಡ ಅಂಚಿನಲ್ಲಿ ಕರಿಬೇವಿನ ಎಲೆಗಳನ್ನೂ ಒಣಮೆಣಸಿನಕಾಯಿಯನ್ನೂ ಸಾಲಾಗಿ ಜೋಡಿಸಿಟ್ಟಿತ್ತು. ಹಾಗೆ ಜೋಡಿಸುವವಳು ನಮ್ಮ ಮನೆಯಲ್ಲಿ ಒಬ್ಬಳೇ. ಇಷ್ಟು ವರ್ಷ ಆ ಎಲೆ ಬಡಿಸಿದವಳು ನಾನು, ಕಣ್ಣು ಮುಚ್ಚಿಯೂ ಗುರುತಿಸುತ್ತಿದ್ದೆ. ನೆನೆಸಿದ ಅವಲಕ್ಕಿ ತಿನ್ನುವವಳ ಎಲೆಗೆ ಅನ್ನ, ಹುಳಿ ಎಲ್ಲಿಂದ ಬಂತು?

ಮೂರನೆಯ ದಿನ ಮಿಲ್ಲು ಕೂಗಿದ ಮೇಲೆ ಬಾವಿಯವರೆಗೆ ಬಂದು ನಿಂತೆ. ಅಪ್ಪ ಕಚೇರಿಯಲ್ಲಿದ್ದ. ಅಡಿಗೆಮನೆಯಿಂದ ಸೌಟಿನ ಸದ್ದು ಕೇಳಿತು, ಆಮೇಲೆ ಮಾತು.

“ಉಪ್ಪು ಸಾಲದು.”

“ನಿಮಗ ಯಾವತ್ತು ಸಾಲ್ತದ ಅತ್ತಿ? ಹಾಕ್ಲೇನು?”

“ಬ್ಯಾಡ. ಹಂಗೇ ಇನ್ನೊಂದು ಸೌಟು ಬಡಸು. ಪದ್ದಿ ಹುಳಿ ನೀರು ನೀರು ಮಾಡ್ತಾಳ. ಆಕಿ ಮನಸ್ಸು ನೋಯಬಾರದಂತ ಉಣ್ತೀನಿ.”

“ನಾನೇ ಕಲಿಸೀನಿ ಆಕಿಗೆ. ಕೈ ಬರ್ಲಿಲ್ಲ.”

“ಆಕಿಗೆ ಹೇಳ್ಬ್ಯಾಡ ಮತ್ತ, ನಾ ಉಂಡೆ ಅಂತ.”

“ನಾ ಯಾಕ ಹೇಳ್ಲಿ? ಹೇಳಿದ್ರ ನಾಳೇನೇ ಕಾಲೇಜಿಗೆ ಹೊಂಟುಬಿಡ್ತಾಳ.”

ಇಬ್ಬರೂ ನಕ್ಕರು. ಅತ್ತೆ ಸೊಸೆ ಕೂಡಿ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ತಿಂಗಳಿಗೆ ಮೂರು ದಿನ ಅವರ ನಡುವೆ ಜಗಳವೇ ಇರುತ್ತಿರಲಿಲ್ಲ. ನಾನು ಕೋಣೆಯಲ್ಲಿರುತ್ತಿದ್ದೆ, ಅಪ್ಪ ಕಚೇರಿಯಲ್ಲಿರುತ್ತಿದ್ದ, ದೇವರ ಮುಂದೆ ಆಡಿದ ಮಾತಿಗೆ ಸಾಕ್ಷಿ ಯಾರೂ ಇರುತ್ತಿರಲಿಲ್ಲ. ನಾಲ್ಕನೆಯ ದಿನ ನಾನು ಒಳಗೆ ಕಾಲಿಡುತ್ತಲೇ ಜಗಳ ತನ್ನ ಜಾಗಕ್ಕೆ ಬಂದು ಕೂಡುತ್ತಿತ್ತು. ಹುಳಿ ನೀರಾಗಿತ್ತು ಎಂಬ ಮಾತು ಉಳಿದೆಲ್ಲಕ್ಕಿಂತ ಹೆಚ್ಚು ಚುಚ್ಚಿತು, ಅದನ್ನೂ ಹೇಳಿಬಿಡುತ್ತೇನೆ.

ಅಂದೇ ಸಂಜೆ ಹಿಂದಿನ ಬಾಗಿಲ ಹೊರಗಿನಿಂದ ನನ್ನ ಗೆಳತಿ ನಸೀಮಾ ಕೂಗಿದಳು. ಅವಳಪ್ಪನದು ಅದೇ ಓಣಿಯಲ್ಲಿ ಹಾಸಿಗೆ ಹೊಲಿಯುವ ಅಂಗಡಿ.

“ಅರೆ ಪದ್ಮಾ, ಏನು ಕುಂತೀಯೇ ಒಳಗ? ಅರ್ಜಿ ಕೊಡ್ಲಿಕ್ಕೆ ಸೋಮವಾರಂ ಲಾಸ್ಟ್ ಐತಿ ಅಂಟ! ಆಮೇಲೆ ಕಾಲಿಗೆ ಬಿದ್ರೂ ಸೀಟು ಲೇದು, ಸಿಗಂಗಿಲ್ಲ. ನಾ ಫೀಜು ಕಟ್ಟಿ ಬಂದೆ. ನೀ ಬರ್ತೀಯೋ, ನಾ ಒಬ್ಬಾಕಿನೇ ಹೋಗ್ಲೋ?”

“ಬರ್ತೀನಿ” ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಮರುದಿನ ಶುಕ್ರವಾರ, ನನ್ನ ನಾಲ್ಕನೆಯ ದಿನ. ಅಮ್ಮ ನಸುಕಿನಲ್ಲೇ ಬಿಸಿನೀರು ತಂದು ದೂರದಲ್ಲಿಟ್ಟಳು, ಪಕ್ಕದಲ್ಲಿ ಸೀಗೆಪುಡಿ.

“ಏಳು. ನೀರು ಹಾಕ್ಕೋ.”

“ಹಾಕ್ಕೊಳ್ಳಲ್ಲ.”

“ಮೈಯಾಗ ಹುಷಾರಿಲ್ಲೇನು?”

“ಹುಷಾರಿದ್ದೀನಿ. ನೀರು ಹಾಕ್ಕೊಳ್ಳಲ್ಲ.”

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ನೀರು ತಲೆಯ ಮೇಲೆ ಬೀಳುವವರೆಗೆ ನಾನು ಹೊರಗಿನವಳು. ನನ್ನನ್ನು ಯಾರೂ ಮುಟ್ಟುವ ಹಾಗಿಲ್ಲ, ಎಳೆಯುವ ಹಾಗಿಲ್ಲ, ಅಡಿಗೆಮನೆಗೆ ಕರೆಯುವ ಹಾಗಿಲ್ಲ. ಅಜ್ಜಿ ಬಾವಿಯ ಆ ಕಡೆ ನಿಂತು ಕೂಗಿದಳು:

“ಏನಾಗಿದೆಯೇ ನಿನಗ? ಹೆಣ್ಣುಮಕ್ಕಳು ಹಿಂಗ ಮಾಡ್ತಾರೇನು? ದೇವರು ಮೆಚ್ಚ್ಯಾನೇನು?”

“ನಿಮಗೇನು ಅಜ್ಜಿ, ಅವಲಕ್ಕಿ ಅದ ಅಲ್ಲಾ?” ಎಂದೆ.

ಅಮ್ಮ ತಲೆ ತಗ್ಗಿಸಿದಳು. ಅಜ್ಜಿ ನನ್ನನ್ನೇ ನೋಡಿದಳು. ನನಗೆ ತಿಳಿದಿದೆ ಎಂದು ಅವಳಿಗೆ ತಿಳಿಯಿತು. ತಿರುಗಿ ಒಳಗೆ ಹೋದಳು.

ಇದು ನನ್ನ ಜಾಣತನವೆಂದು ಓದುವವರು ಹಿಗ್ಗಬೇಕಿಲ್ಲ. ಆ ಕೋಣೆಯಲ್ಲಿ ಗೋಡೆಯ ಮೇಲ್ಭಾಗದಲ್ಲಿ ಒಂದು ಬೆಳಕಿಂಡಿ, ಒಂದು ಚಾಪೆ, ಒಂದು ಚೊಂಬು. ಬಂಡೆಯ ಗೋಡೆ ಹಗಲೆಲ್ಲ ಕಾದು ಉಸಿರು ಕಟ್ಟುತ್ತಿತ್ತು. ತಲೆ ಕಡಿಯುತ್ತಿತ್ತು. ಹಿಂದಿನ ಬಾಗಿಲು ಕೈಗೆಟುಕುವಷ್ಟು ಹತ್ತಿರ, ಆದರೆ ಅಪ್ಪನ ಸಹಿ ಇಲ್ಲದ ಅರ್ಜಿ ಹಿಡಿದು ಆ ಬಾಗಿಲು ದಾಟಿ ಏನು ಪ್ರಯೋಜನ? ಬೀಗವಿಲ್ಲದ ಕೋಣೆಯಲ್ಲಿ ನಾನೇ ನನ್ನನ್ನು ಕೂಡಿಹಾಕಿಕೊಂಡಿದ್ದೆ. ಶನಿವಾರ ಅಮ್ಮ ಊಟ ತಂದು, ಮೇಲಿನಿಂದ ತಟ್ಟೆಗೆ ಹಾಕಿ, ಹೋಗದೆ ನಿಂತಳು.

“ನೀನೂ ಸೇರಿಕೊಂಡು ಯಾಕಮ್ಮ ಹಿಂಗ ಮಾಡಿದಿ?” ಎಂದು ಕೇಳಿದೆ.

“ನೀ ಹೋದ್ರ ನನಗ ಮಾತಾಡ್ಲಿಕ್ಕೆ ಯಾರಿದ್ದಾರ ಈ ಮನ್ಯಾಗ? ಅತ್ತಿಯೋರು ತಿಂಗಳಿಗೆ ಮೂರು ದಿನ ಮಾತಾಡ್ತಾರ, ಅದೂ ನೀ ಹೊರಗ ಕೂತಾಗ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಉಣ್ಣು. ಆರ್ತದ.”

ಆಮೇಲೆ ಭಾನುವಾರ ಬಂತು. ಅಪ್ಪನಿಗೆ ರಜೆ, ಇಡೀ ದಿನ ಮನೆಯಲ್ಲಿ. ಮಗನ ಎದುರಿಗೆ ಅಜ್ಜಿ ಸೊಸೆಯ ಕೈಯೂಟ ಉಣ್ಣುವ ಹಾಗಿಲ್ಲ. ಮಧ್ಯಾಹ್ನದ ಹೊತ್ತು ಮೀರಿತು. ನಾನು ಬಾಗಿಲಿಗೆ ಕಿವಿಯಿಟ್ಟು ಕೂತೆ. ಒಲೆಯ ಸದ್ದಿಲ್ಲ, ಎಲೆಯ ಸದ್ದಿಲ್ಲ. ಅಂದು ಅಜ್ಜಿ ನಿಜವಾಗಿ ಹಸಿದಿದ್ದಳು, ಅವಲಕ್ಕಿಯನ್ನೂ ಮುಟ್ಟಿರಲಿಲ್ಲ. ಇಷ್ಟು ವರ್ಷ ನಾನು ಯಾವುದಕ್ಕೆ ಹೆದರಿದ್ದೆನೋ ಅದು ಈಗ ನಡೆಯುತ್ತಿತ್ತು, ನಡೆಸುತ್ತಿದ್ದವಳು ನಾನೇ. ಬಿಸಿಲು ಬಾವಿಕಟ್ಟೆಯಿಂದ ಕೆಳಗಿಳಿಯಿತು. ಎದ್ದು ಚೊಂಬು ಹಿಡಿದು ನೀರಿನ ಹಂಡೆಯವರೆಗೆ ಹೋದೆ. ಮುಳುಗಿಸಿದ ಚೊಂಬನ್ನು ತಲೆಯ ಮೇಲೆ ಸುರಿದುಕೊಂಡರೆ ಎಲ್ಲ ಮುಗಿಯುತ್ತಿತ್ತು. ಚೊಂಬು ಎತ್ತಿಯೂ ಇದ್ದೆ.

ಆಗ ಅಡಿಗೆಮನೆಯಿಂದ ಅಜ್ಜಿಯ ದನಿ ಕೇಳಿತು. ಗುಟ್ಟಿನ ದನಿಯಲ್ಲ, ದೇವರ ಮುಂದೆ ಅಂದು ಆಡಿದ ದನಿಯೇ.

“ಎಲಿ ಹಾಕು. ಬಡಸು.”

“ಅತ್ತಿ, ಇವ್ರು ಪಡಸಾಲಿಯಾಗ ಅದಾರ” ಎಂದಳು ಅಮ್ಮ.

“ಇರ್ಲಿ. ನೋಡ್ಲಿ. ಬಡಸು ಅಂದೆ.”

ನಾನು ಚೊಂಬಿನ ನೀರನ್ನು ಹಂಡೆಗೇ ಸುರಿದೆ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಹಿತ್ತಲಿಗೆ ಬಂದ. ಕಚೇರಿಗೆ ಹೋಗುವವನಂತೆ ಅಂಗಿ ತೊಟ್ಟಿದ್ದ. ದೂರದಲ್ಲಿ ನಿಂತು, ನನ್ನನ್ನು ನೋಡದೆ ಬಾವಿಯ ರಾಟೆ ನೋಡುತ್ತ ಹೇಳಿದ:

“ನಿಮ್ಮಜ್ಜಿ ಉಂಡ್ಳು. ನಾಳೆ ನಿನ್ನ ಅರ್ಜಿಗೆ ಸಹಿ ಹಾಕಿ ಕೊಡ್ತೀನಿ. ಆದ್ರ ಆಕಿ ಒಂದು ಮಾತು ಹೇಳ್ಯಾಳ. ನೀರು ಹಾಕ್ಕೊಳ್ಳಲ್ಲ ಅಂದಾಕಿ ನನ್ನ ಒಲಿ ಹತ್ರ ಬರಬಾರದು. ಕಾಲೇಜು ಮುಗಿಯೋತನಕ ಅಡಿಗಿಮನಿ ಹೊಸ್ತಿಲು ದಾಟಬಾರದು, ನನ್ನ ಮುಟ್ಟಬಾರದು. ಮೂರು ವರ್ಷ ಅಂದ್ರ ಮೂರು ವರ್ಷ, ಅಂದ್ಳು. ಒಪ್ತೀಯಾ?”

“ಒಪ್ತೀನಿ.”

“ಅಂತೇನಾ? ಇಷ್ಟೇನಾ? ಯೋಚನೆ ಮಾಡಿ ಹೇಳು.”

“ಮಾಡೀನಿ ಅಪ್ಪಾ.”

ಮಾಡಿರಲಿಲ್ಲ. ಹೊಸ್ತಿಲೆಂದರೆ ಒಂದು ಕಲ್ಲು ಎಂದುಕೊಂಡಿದ್ದೆ. ಅಂದೇ ನೀರು ಹಾಕಿಕೊಂಡು ಕೋಣೆಯಿಂದ ಹೊರಬಂದೆ, ಆದರೆ ಆ ಮೂರು ವರ್ಷ ನಾನು ನಡುಮನೆಯಲ್ಲಿ ಕೂತು ಉಂಡೆ. ಅಡಿಗೆಮನೆಯಿಂದ ಮಾತು ಬರುತ್ತಿತ್ತು, ನಗೆ ಬರುತ್ತಿತ್ತು, ಸಾಸಿವೆ ಸಿಡಿಯುವ ಸದ್ದು ಬರುತ್ತಿತ್ತು. ಅತ್ತೆ ಸೊಸೆ ಈಗ ತಿಂಗಳಿಡೀ ಮಾತಾಡುತ್ತಿದ್ದರು. ನಾನು ಕೂಗಿ ಏನಾದರೂ ಕೇಳಿದರೆ ಮಾತು ನಿಂತು, ಉತ್ತರ ಬಂದು, ಮತ್ತೆ ಶುರುವಾಗುತ್ತಿತ್ತು. ಅಜ್ಜಿ ಏನು ಕೊಟ್ಟರೂ ಎತ್ತರದಿಂದ ಕೊಡುತ್ತಿದ್ದಳು. ಹಬ್ಬದ ಹೋಳಿಗೆ ಮೇಲಿನಿಂದ ತಟ್ಟೆಗೆ ಬೀಳುತ್ತಿತ್ತು, ತೀರ್ಥ ಮೇಲಿನಿಂದ ಅಂಗೈಗೆ ಬೀಳುತ್ತಿತ್ತು. ಅವಳಿಗೆ ಕಣ್ಣು ಮಂಜಾಗುತ್ತ ಬಂದು ಗುರಿ ತಪ್ಪತೊಡಗಿದಾಗ ನಾನೇ ಕೈಯನ್ನು ಅತ್ತಿತ್ತ ಸರಿಸಿ ಹಿಡಿಯುತ್ತಿದ್ದೆ. ಒಮ್ಮೆ ಅವಳು ಬಾವಿಕಟ್ಟೆಯ ಬಳಿ ಜಾರಿ ಕೂತಾಗ ಓಡಿಹೋಗಿ, ಕೈ ಚಾಚಿ, ಅಲ್ಲೇ ನಿಂತುಬಿಟ್ಟೆ. ಅಮ್ಮ ಬಂದು ಎಬ್ಬಿಸುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಇದ್ದೆವು.

ಪಲ್ಲವಿ, ಈಗ ನಿನ್ನ ಪ್ರಶ್ನೆ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ಮೇಷ್ಟ್ರುಗಳು ಬರೆಸುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ನಸೀಮಾ ಎರಡನೆಯ ವರ್ಷ ಮದುವೆಯಾಗಿ ಹೋದಳು. ಡಿಗ್ರಿ ಇದ್ದುದರಿಂದ ನನಗೆ ನೌಕರಿ ಬಂತು, ಸ್ವಂತ ಸಂಬಳ ಬಂತು, ನಿನ್ನ ತಾಯಿಯನ್ನು ಯಾರನ್ನೂ ಕೇಳದೆ ಓದಿಸುವಷ್ಟು ಧೈರ್ಯ ಬಂತು. ಹುಳಿ ಮಾತ್ರ ಇಂದಿಗೂ ನೀರಾಗಿಯೇ ಬರುತ್ತದೆ. ಇನ್ನೊಮ್ಮೆ ಆ ಶುಕ್ರವಾರ ಬಂದರೂ ನೀರು ಹಾಕಿಕೊಳ್ಳುವುದಿಲ್ಲ. ಆದರೆ ಬಾವಿಕಟ್ಟೆಯ ಬಳಿ ಚಾಚಿ ನಿಂತ ಆ ಕೈಗಳನ್ನು ಯಾವ ಲೆಕ್ಕಕ್ಕೆ ಹಾಕಲಿ ಎಂಬುದು ನನಗೆ ಇನ್ನೂ ತಿಳಿದಿಲ್ಲ. ನೀನು ಕೇಳಿದಾಗ ಊಟಕ್ಕೆ ಎಬ್ಬಿಸಿದ್ದು ಅದಕ್ಕೇ.

ಕೊನೆಯ ಪರೀಕ್ಷೆಯ ಫಲಿತಾಂಶ ಪತ್ರಿಕೆಯಲ್ಲಿ ಬಂದ ದಿನ ಅಪ್ಪ ಪಡಸಾಲೆಯಿಂದಲೇ ನನ್ನ ನಂಬರು ಎರಡು ಸಲ ಓದಿದ. ಎರಡನೆಯ ದರ್ಜೆ. ಅಮ್ಮ ದೇವರಿಗೆ ದೀಪ ಹಚ್ಚಿದಳು. ಅಜ್ಜಿ ಸಕ್ಕರೆ ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲ ಒಳಗೆ ಬಂದು ನಿಂತಳು. ಇನ್ನೂ ಊಟವಾಗಿರಲಿಲ್ಲ, ಮಡಿಯಲ್ಲಿದ್ದಳು.

“ಕೈ ಒಡ್ಡು.”

ಒಡ್ಡಿದೆ. ಮೇಲಿನಿಂದ ಬೀಳುತ್ತದೆಂದು ಕಾದೆ. ಅಜ್ಜಿ ತನ್ನ ಕೈ ಇಳಿಸಿ, ನನ್ನ ಅಂಗೈಯಲ್ಲಿ ಬೆರಳೂರಿ, ಸಕ್ಕರೆ ಇಟ್ಟು, ಮುಷ್ಟಿ ಮುಚ್ಚಿಸಿದಳು. ಬೆರಳುಗಳು ನಾನು ನೆನಪಿಟ್ಟುಕೊಂಡದ್ದಕ್ಕಿಂತ ತೆಳ್ಳಗಾಗಿದ್ದವು.

ಅಮ್ಮ ಬೆಚ್ಚಿದಳು. “ಅತ್ತಿ! ಮುಟ್ಟಿದ್ರಿ!”

“ಗೊತ್ತದ. ನಡಿ ಪದ್ದಿ. ಮೂರು ವರ್ಷ ಅಂದಿದ್ದೆ, ಮುಗೀತು. ನೀರು ಹಾಕ್ಕೊಂಡು ಒಲಿ ಮುಂದ ಬಾ. ಇಕಿಗೆ ಸಾಕಾಗ್ಯದ.”

ಅಪ್ಪ ಪತ್ರಿಕೆಯ ಮೇಲಿಂದ ಒಮ್ಮೆ ನೋಡಿ ಮತ್ತೆ ಪತ್ರಿಕೆಗೆ ಇಳಿದ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳೋ ನಕ್ಕಳೋ ಕಾಣಲಿಲ್ಲ. ಡಿಗ್ರಿ ಕೈಗೆ ಬಂದ ಗಳಿಗೆಯಲ್ಲೇ ಹಳೆಯ ಒಲೆ ನನ್ನನ್ನು ಹೆಸರು ಹಿಡಿದು ಕರೆದಿತ್ತು. ಸಕ್ಕರೆ ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಹೊರಟೆ. ಅಜ್ಜಿಯೂ ಹೊರಟಳು, ಅವಳೂ ಈಗ ಮೀಯಬೇಕಿತ್ತು. ನೀರು ಬೀಳುವವರೆಗೆ ಇಬ್ಬರೂ ಮೈಲಿಗೆ, ಇಬ್ಬರೂ ಮುಟ್ಟಬಹುದಾದವರು. ಅವಳು ನನ್ನ ಭುಜ ಹಿಡಿದುಕೊಂಡಳು. ಬಾವಿಯವರೆಗಿನ ಅಷ್ಟು ದೂರವನ್ನು ಅವಳು ನಿಧಾನವಾಗಿ ನಡೆದಳು. ನಾನೂ ಅವಸರ ಮಾಡಲಿಲ್ಲ.